ನೂಲು ನೋಡಿ ತಂದ ಹೋಸ್ ಪೈಪು

ಕಾರಿನ ಕೂಲಂಟ್ ಬಿಸಿಯಾಗಿ ಎಲ್ಲೋ ಒಂದು ಹನಿ ಸೋರಿದರೆ ಒಂದು ವಾಸನೆ ಬರುತ್ತದೆ. ನೀವು ಕಾರು ಇಟ್ಟವರಾದರೆ ನಿಮಗೆ ಗೊತ್ತಿರುತ್ತದೆ; ಇಡದವರಾದರೆ ಪುಣ್ಯವಂತರು. ಬೆಲ್ಲದ ಪಾಕ ತುಸು ಸೀದ ಹಾಗಿನ ವಾಸನೆ. ಸಿಹಿಯೂ ಹೌದು, ಹೊಟ್ಟೆ ತೊಳಸುವಂಥದೂ ಹೌದು. ಕಳೆದ ತಿಂಗಳು ಒಂದು ಮುಂಜಾನೆ ಶಾಲೆಗೆ ಹೊರಡಲು ಕಾರಿನ ಹತ್ತಿರ ಬಂದಾಗ ಆ ವಾಸನೆ ಮೂಗಿಗೆ ಬಡಿಯಿತು. ಕಾರನ್ನು ನಾನು ಆಗಲೇ ಒಮ್ಮೆ ಚಾಲೂ ಮಾಡಿ, ಚೀಲ ಮರೆತು ಒಳಗೆ ಹೋಗಿ ಬಂದಿದ್ದೆ. ಮೊದಲು ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಹೂರಣವೇನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ನಾನು ಹುಟ್ಟಾ ಅಂಜುಬುರುಕ. ಅದರಲ್ಲೂ ಕಾರಿನ ವಿಷಯಕ್ಕೆ ಬಂದರೆ ನನ್ನ ಅಂಜಿಕೆಗೆ ಒಂದು ಪದ್ಧತಿಯೇ ಇದೆ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ, ರೇಡಿಯೇಟರಿಗೆ ಹೋಗುವ ಎರಡು ದಪ್ಪ ಪೈಪುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮೇಲಿನದೊಂದು, ಕೆಳಗಿನದೊಂದು. ಓಣಿಯ ಮಂದಿ, "ಮಾಸ್ತರ್ರು ಗಾಡೀದು ನಾಡಿ ಹಿಡಿಯಾಕತ್ತಾರ" ಎಂದು ನಗುತ್ತಾರೆ. ನನ್ನ ಹೆಂಡತಿಯಂತೂ ಒಮ್ಮೆ, "ಲಗ್ನಾಗಿ ಇಪ್ಪತ್ತಾರು ವರ್ಷಾತು. ನನಗ ಜ್ವರಾ ಬಂದಾಗ ನೀವು ಇಷ್ಟ ಸಲ ಮುಟ್ಟಿ ನೋಡಿಲ್ಲ" ಎಂದಿದ್ದಳು. ಲೆಕ್ಕ ಹಾಕಿದರೆ ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಈ ಹೋಸ್ ಪೈಪುಗಳ ಬಗ್ಗೆ ಎರಡು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಎಂಜಿನ್ನಿನಲ್ಲಿ ಕಾದ ನೀರು ಮೇಲಿನ ಪೈಪಿನಿಂದ ರೇಡಿಯೇಟರಿಗೆ ಬಂದು, ಅಲ್ಲಿ ತಂಪಾಗಿ, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಇಡೀ ದಿನ ಅದರ ಕೆಲಸ ಅಷ್ಟೇ. ಪೈಪು ರಬ್ಬರಿನದು, ಆದರೆ ರಬ್ಬರಿನ ಹೊಟ್ಟೆಯೊಳಗೆ ನೂಲು ಇರುತ್ತದೆ. ಒಳಗೊಂದು ಪದರ ರಬ್ಬರು, ನಡುವೆ ನೂಲಿನ ಹೆಣಿಗೆ, ಹೊರಗೆ ಮತ್ತೊಂದು ಪದರ ರಬ್ಬರು. ಪೈಪಿನ ತುದಿಯನ್ನು ಬೆಳಕಿಗೆ ಹಿಡಿದರೆ ಆ ನೂಲು ಕಾಣುತ್ತದೆ. ಎಲ್ಲರಿಗೂ ಕಾಣುತ್ತದೆ ನಿಜ, ಆದರೆ ನೋಡುವವರು ಕಡಿಮೆ. ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವನು. ನಮಗೆ ಎಲ್ಲಿ ಹೋದರೂ ಮೊದಲು ಕಣ್ಣಿಗೆ ಬೀಳುವುದು ನೂಲೇ.

ಅಂದು ಶಾಲೆ ಬಿಟ್ಟ ಮೇಲೆ ಕಾರನ್ನು ದಾವಲಸಾಬನ ಗ್ಯಾರೇಜಿಗೆ ಒಯ್ದೆ. ಹುನಗುಂದದಲ್ಲಿ ನನ್ನ ಕಾರಿನ ಸಂಕಟ ತಿಳಿದ ಮೇಸ್ತ್ರಿ ಅವನೊಬ್ಬನೇ. ಮೇಲಿನ ಪೈಪನ್ನು ಒತ್ತಿದ, ಕೆಳಗಿನದನ್ನು ಒತ್ತಿದ, ಬೆರಳು ಮೂಸಿ ನೋಡಿದ.

"ಮೆತ್ತಗ ಆಗ್ಯಾವ್ರಿ ಸರ. ರಬ್ಬರಿಗೆ ಎಂಟ ವರ್ಷ ಅಂದ್ರ ಭಾಳ ಆತು. ಎರಡೂ ಬದಲಿ ಮಾಡ್ರಿ. ಒಂದ ಹೊಸಾದು ಒಂದ ಹಳೇದು ಇಟ್ರ, ಹಳೇದು ಹೊಟ್ಟಿಕಿಚ್ಚಿಗೆ ಒಡೀತೈತಿ."

"ಇಲ್ಲೇ ಸಿಗ್ತಾವೇನು?"

"ಈ ಮಾಡೆಲ್ಲಿನ ಗಾಡಿ ಮಾಡೋದ ನಿಂತೈತಲ್ರಿ. ಹುನಗುಂದಾಗಿಲ್ಲ, ಇಳಕಲ್‌ದಾಗೂ ಇಲ್ಲ. ಫೋನ್ ಮಾಡಿ ಕೇಳೇನಿ. ಬಾಗಲಕೋಟಿ ಸ್ಟ್ಯಾಂಡಿನ ಹಿಂದ ಒಂದು ಹಳೇ ಅಂಗಡಿ ಐತಿ ನೋಡ್ರಿ, ಆ ಯಜಮಾನರ ಕಡೆ ಮಾತ್ರ ಐತಿ."

ಆ ಅಂಗಡಿ ನನಗೆ ಗೊತ್ತಿತ್ತು. ಎಂಟು ವರ್ಷದಿಂದ ನಾನು ಆ ಬೀದಿಯಲ್ಲಿ ಕಾಲಿಟ್ಟಿರಲಿಲ್ಲ. ಬಾಗಲಕೋಟೆಗೆ ಹೋದಾಗಲೆಲ್ಲ ಸ್ಟ್ಯಾಂಡಿನ ಹಿಂದಿನ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಹಾಗೇಕೆ ಎನ್ನುವುದನ್ನು ಹೆಂಡತಿಗೂ ಹೇಳಿರಲಿಲ್ಲ, ಅಕ್ಕನಿಗಂತೂ ಹೇಳಿರಲೇ ಇಲ್ಲ. ನಿಮಗೆ ಹೇಳುತ್ತೇನೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು, ಮೂಗು ಒರೆಸಿದವಳು, ಬಿ.ಎಡ್.ಗೆ ಹೋಗುವಾಗ ಅಂಗಿ ಹೊಲಿಸಿ ಕೊಟ್ಟವಳು. ಇಳಕಲ್ಲಿನಲ್ಲೇ ಕೊಟ್ಟ ಮನೆ. ನಮ್ಮ ಭಾವ ಕುಣಿಮಗ್ಗದಲ್ಲಿ ಕೂತು ನೇಯುತ್ತಾನೆ, ಅಕ್ಕ ಕೊಂಡಿ ಹಾಕುತ್ತಾಳೆ. ಇಳಕಲ್ ಸೀರೆ ಉಟ್ಟವರಿಗೂ ಕೊಂಡಿ ಎಂದರೇನೆಂದು ಗೊತ್ತಿರುವುದು ಕಡಿಮೆ. ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ತುದಿಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಡೆಯುವ ಕೆಲಸ. ಕಣ್ಣಿಗಿಂತ ಬೆರಳಿಗೆ ಹೆಚ್ಚು ಗೊತ್ತಾಗುತ್ತದೆ. ಅಕ್ಕನ ಕೊಂಡಿಯಲ್ಲಿ ಕೈಯಾಡಿಸಿದರೆ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಓಣಿಯ ಬೇರೆ ಮನೆಯವರೂ ದೊಡ್ಡ ಸೀರೆಯ ಕೊಂಡಿಗೆ ಆಕೆಯನ್ನೇ ಕರೆಯುತ್ತಿದ್ದರು.

ನನಗೆ ಮಗ್ಗ ಹತ್ತಲಿಲ್ಲ. ಓದಿ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಆದರೆ ನೇಕಾರರ ಮನೆಯ ಗರ್ವ ಮಾತ್ರ ಹಾಗೇ ಉಳಿಯಿತು. ಯಾವ ಬಟ್ಟೆ ಕಂಡರೂ ಮುಟ್ಟಿ, ಇಷ್ಟು ಎಳೆ ಅಷ್ಟು ಎಳೆ ಎಂದು ಹೇಳದಿದ್ದರೆ ನನಗೆ ಊಟ ಸೇರದು. ಮಗ್ಗದಲ್ಲಿ ಕೂರಲಾರದವನು ನೂಲಿನ ಬಗ್ಗೆ ಜಾಸ್ತಿ ಮಾತಾಡುತ್ತಾನೆ ಎಂದು ಭಾವ ನನ್ನೆದುರೇ ಹೇಳಿದ್ದುಂಟು.

ಎಂಟು ವರ್ಷದ ಹಿಂದೆ ಹಳೆಯ ಕಾರೊಂದನ್ನು ಕೊಂಡೆ. ಕೊಂಡ ತಿಂಗಳೊಳಗೆ ಮೇಲಿನ ಹೋಸ್ ಪೈಪು ಬಿರುಕು ಬಿಟ್ಟಿತು. ದಾವಲಸಾಬ ಮಗಳ ಲಗ್ನಕ್ಕೆಂದು ವಾರದ ಮಟ್ಟಿಗೆ ಊರಿಗೆ ಹೋಗಿದ್ದ. ಅದೇ ಸೋಮವಾರ ಅಕ್ಕನನ್ನು ಬಾದಾಮಿ ಕಡೆಯ ಮಹಾಕೂಟದ ಗುಡಿಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸಣ್ಣವರಿದ್ದಾಗ ಅವ್ವ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದು ಹೊಂಡದಲ್ಲಿ ಮೀಯಿಸಿದ್ದಳು. ತಮ್ಮನ ಸ್ವಂತ ಕಾರಿನಲ್ಲಿ ಕೂತು ಹೋಗಿ ಆ ಹೊಂಡದಲ್ಲಿ ಮತ್ತೊಮ್ಮೆ ಮುಳುಗಿ ಏಳಬೇಕೆನ್ನುವುದು ಅಕ್ಕನ ಆಸೆಯಾಗಿತ್ತು. ಹೀಗಾಗಿ ಪೈಪನ್ನು ನಾನೇ ಬಿಚ್ಚಿದೆ, ನಾನೇ ತರಲು ಹೊರಟೆ.

ಬಿಚ್ಚುವುದೇಕೆ ಎಂದರೆ, ನಮ್ಮ ಕಡೆಯ ಬಿಡಿಭಾಗದ ಅಂಗಡಿಯವರು ನಮಸ್ಕಾರ ಹೇಳುವ ಮೊದಲೇ ಕೇಳುವ ಮಾತೊಂದಿದೆ: "ಹಳೇದು ತಂದೀರೇನ್ರಿ?" ನೀವು ಕಾರಿನ ಹೆಸರು ಹೇಳಿ, ಮಾಡೆಲ್ ಹೇಳಿ, ಅವರು ಕೇಳುವುದಿಲ್ಲ. ಹಳೆಯದು ಕೈಗೆ ಬಂದರೆ ಮಾತ್ರ ಹೊಸದು ಹಲಗೆಯಿಂದ ಇಳಿಯುತ್ತದೆ. ಹಳೆಯದನ್ನು ಬಿಚ್ಚಿದರೆ ಕಾರು ನಡೆಯದು. ಕಾರು ನಡೆಯದಿದ್ದರೆ ಬಸ್ಸೇ ಗತಿ. ಪೈಪನ್ನು ಇಳಕಲ್ಲಿನ ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಅಮೀನಗಡ ದಾಟುವಷ್ಟರಲ್ಲಿ ಪಕ್ಕದ ಹಿರಿಯರ ಧೋತರದ ಮೇಲೆ ಹಸಿರು ನೀರು ಇಳಿದಿತ್ತು. "ಸೀರಿ ಬಣ್ಣಾ ಬಿಡ್ತೈತಲ್ಲೋ ತಮ್ಮಾ" ಎಂದರು ಅವರು. ನಾನು ಹೌದೆಂದೆ.

ಅಂಗಡಿಯ ಯಜಮಾನರು ದಪ್ಪ ಕನ್ನಡಕದವರು. ನನ್ನ ಊರು, ಕೆಲಸ ಕೇಳಿಕೊಂಡು, ಹಳೆಯದನ್ನು ತಿರುಗಿಸಿ ನೋಡಿ, ಅದರಂತೆಯೇ ಬಾಗಿದ್ದ ಹೊಸದೊಂದನ್ನು ಗಲ್ಲೆಯ ಮೇಲೆ ಇಟ್ಟರು. ನಾನು ನನ್ನ ವಂಶಕ್ಕೆ ತಕ್ಕಂತೆ ಅದರ ತುದಿಯನ್ನು ಬೆಳಕಿಗೆ ಹಿಡಿದೆ. ಒಳಗೆ ನೂಲು ಏನೇನೂ ಇರಲಿಲ್ಲ. ವಿರಳವಾಗಿ, ಅಲ್ಲೊಂದು ಇಲ್ಲೊಂದು ಎಳೆ. ಅಂಗಡಿಯ ಮೂಲೆಯಲ್ಲಿ ಬೇರೊಂದು ಪೈಪು ಸುರುಳಿ ಸುತ್ತಿ ನೇತಾಡುತ್ತಿತ್ತು. ಅದರ ಮೈಮೇಲೆ ಬಟ್ಟೆಯ ಅಚ್ಚು ಇತ್ತು, ತುದಿಯಲ್ಲಿ ಎರಡು ಪದರ ಒತ್ತಾದ ನೇಯ್ಗೆ ಕಾಣುತ್ತಿತ್ತು. ನಾನು ಅದರ ಮೇಲೆ ಕೈಯಾಡಿಸಿದೆ. ನಿಜ ಹೇಳುತ್ತೇನೆ, ಕೈಗೆ ಹಿತವಾಯಿತು.

"ಇದನ್ನ ಕತ್ತರಿಸಿ ಕೊಡ್ರಿ" ಎಂದೆ.

"ಮಾಸ್ತರ್ರ, ಅದು ಹೊಲದ ಪಂಪಿಗೆ ಹಾಕೋದು. ತಣ್ಣೀರು ತಡೀತೈತಿ. ಕುದಿಯೋ ನೀರು ತಡ್ಯಾಂಗಿಲ್ಲ."

"ಇದರಾಗ ನೂಲು ನೋಡ್ರಿ, ಎಷ್ಟು ಒತ್ತೈತಿ."

"ನೂಲು ನೋಡಿ ಸೀರಿ ತಗೋಬೇಕ್ರಿ. ಹೋಸ್ ತಗೊಳ್ಳುವಾಗ ರಬ್ಬರ್ ನೋಡಬೇಕು."

"ನಾವು ನೇಕಾರ ಮಂದಿ. ನೂಲಿನ ಮಾತು ನಮಗ ಹೇಳಬ್ಯಾಡ್ರಿ" ಎಂದೆ. ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಉಷ್ಣ, ಒತ್ತಡ, ಹಿಗ್ಗುವಿಕೆ ಎಂದು ಹಲಗೆಯ ಮೇಲೆ ಬರೆದು ಕಲಿಸುವವನು ಆಡಿದ ಮಾತು ಇದು.

ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಅಳತೆಗೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತ, "ನಾ ಬ್ಯಾಡ ಅಂದೇನಿ. ನೆನಪಿರ್ಲಿ" ಎಂದರು. ನೆನಪಿದೆ.

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಸೋಮವಾರ ಬೆಳಿಗ್ಗೆ ಇಳಕಲ್ಲಿಗೆ ಹೋಗಿ ಮನೆಯ ಮುಂದೆ ಹಾರ್ನ್ ಹೊಡೆದೆ. ಅಕ್ಕ ಕೊಂಡಿಗೆ ಕೂತಿದ್ದಳು. "ತಡಿಯೋ, ಅರ್ಧಾ ಉಳದೈತಿ" ಎಂದಳು. "ಬಿಸಲಾಗ್ತೈತಿ ಅಕ್ಕ, ಬಂದ ಮ್ಯಾಲ ಮುಗಿಸೀಯಂತ, ಲಗೂ ಏಳು" ಎಂದು ಅವಸರ ಮಾಡಿದೆ. ಕೊಂಡಿ ಅರ್ಧಕ್ಕೆ ಬಿಟ್ಟು ಊರು ದಾಟಬಾರದು, ದಾಟಿದರೆ ಕೇಡು ತಪ್ಪದು ಎಂದು ನಮ್ಮ ಓಣಿಯಲ್ಲೊಂದು ಮಾತಿದೆ. ಬಿಟ್ಟರೆ ಎಳೆ ಸಡಿಲಾಗಿ ಕುಣಿಕೆ ಜಾರುತ್ತದೆ, ಅದಕ್ಕೇ ಹಿರಿಯರು ಹಾಗೆ ಹೆದರಿಸಿರಬೇಕು. ಅಕ್ಕ ಒಂದು ಗಳಿಗೆ ಮಗ್ಗವನ್ನೂ ನನ್ನನ್ನೂ ನೋಡಿದಳು. ಆಮೇಲೆ ಎದ್ದು ಕಾಲು ತೊಳೆದು ಬಂದಳು.

ಹುನಗುಂದ ದಾಟಿ, ಅಮೀನಗಡ ದಾಟಿ, ಐಹೊಳೆಯ ತನಕ ಕಾರು ಹೂವಿನಂತೆ ನಡೆಯಿತು. ಅಕ್ಕ ಮುಂದಿನ ಸೀಟಿನಲ್ಲಿ ಕೂತು ಕರದಂಟು ಮುರಿದು ನನ್ನ ಬಾಯಿಗೆ ಹಾಕುತ್ತಿದ್ದಳು. ಐಹೊಳೆ ಬಿಟ್ಟು ಸ್ವಲ್ಪ ದೂರ ಹೋದಾಗ ಟೆಂಪರೇಚರಿನ ಮುಳ್ಳು ಏರತೊಡಗಿತು. ನಿಲ್ಲಿಸಿ ಬಾನೆಟ್ ಎತ್ತಿದೆ. ಪೈಪು ಬಾಗಿದ ಕಡೆ ಬಾವು ಬಂದಂತೆ ಉಬ್ಬಿ ನಿಂತಿತ್ತು. ಅಕ್ಕ ಬಂದು ನನ್ನ ಪಕ್ಕದಲ್ಲಿ ಬಾಗಿ ನೋಡಿದಳು. ಉಬ್ಬಿದ ಜಾಗದಲ್ಲಿ ಒಂದು ಎಳೆ ಹರಿದು ಎದ್ದಿತ್ತು.

"ಎಳಿ ಹರದೈತಿ ನೋಡು" ಎಂದಳು.

ಹರಿದ ಎಳೆ ಕಂಡರೆ ನೇಕಾರರ ಕೈ ಯಾರನ್ನೂ ಕೇಳುವುದಿಲ್ಲ, ತಾನಾಗಿ ಅತ್ತ ಹೋಗುತ್ತದೆ. ಅಕ್ಕನ ಬಲಗೈಯ ಎರಡು ಬೆರಳು ಆ ಎಳೆಯನ್ನು ಹಿಡಿಯಲು ಹೋದವು. ನಾನು ಬೇಡ ಎನ್ನುವುದರೊಳಗೆ ಪೈಪು ಒಡೆಯಿತು.

ಆಮೇಲಿನದನ್ನು ಉದ್ದ ಮಾಡಲಾರೆ. ಒಂದು ಟೆಂಪೋದವರು ಹತ್ತಿಸಿಕೊಂಡು ಬಾದಾಮಿಯ ದವಾಖಾನೆಗೆ ಬಿಟ್ಟರು. ದಾರಿಯುದ್ದಕ್ಕೂ ಅಕ್ಕ ಅಳಲಿಲ್ಲ. ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದು ನೋಡುತ್ತ ಕೂತಿದ್ದಳು. ಮುಲಾಮು ಹಚ್ಚಿ ಬಟ್ಟೆ ಸುತ್ತುವಾಗ ಒಂದೇ ಮಾತು ಹೇಳಿದಳು: "ತಪ್ಪು ನಂದ ಐತಿ."

ಪೈಪಿಗೆ ಕೈ ಹಾಕಿದ್ದು ತಪ್ಪಾಯಿತು ಎನ್ನುತ್ತಿದ್ದಾಳೆ ಎಂದು ನಾನು ತಿಳಿದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ನನಗೆ ಒಳಗೊಳಗೇ ನಿರಾಳವಾಯಿತು. ಅಂಗಡಿಯವರು ಬೇಡ ಅಂದಿದ್ದರು ಎನ್ನುವುದು ಗಂಟಲ ತನಕ ಬಂದಿತ್ತು, ನುಂಗಿದೆ. ಭಾವ ಕೇಳಿದಾಗ "ಹೋಸ್ ಕೆಟ್ಟಿತ್ತು" ಎಂದೆ. ಅವ್ವ ಕೇಳಿದಾಗಲೂ ಅದನ್ನೇ ಹೇಳಿದೆ. ಮೊದಮೊದಲು ಆಮೇಲೆ ಹೇಳಿದರಾಯಿತು ಎಂದುಕೊಂಡೆ. ತಿಂಗಳು ಕಳೆದ ಮೇಲೆ, ಈಗ ಹೇಳಿದರೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಅನ್ನಿಸಿತು. ಅಕ್ಕನ ಹೆಬ್ಬೆರಳು, ತೋರುಬೆರಳಿನ ಚರ್ಮ ಬಿಗಿದು ಹೊಳೆಯತೊಡಗಿತು. ವರ್ಷದ ಮೇಲೆ ಮತ್ತೆ ಕೊಂಡಿಗೆ ಕೂತಳು. ಆದರೆ ಒಂದು ಹಗಲಿನ ಕೆಲಸ ಎರಡು ಹಗಲಾಯಿತು, ಬೇರೆ ಮನೆಯವರು ಕರೆಯುವುದು ನಿಂತಿತು. ದಾವಲಸಾಬ ಹುಬ್ಬಳ್ಳಿಯಿಂದ ಸರಿಯಾದ ಪೈಪುಗಳನ್ನು ತರಿಸಿ ಹಾಕಿದ. ನಾನು ದಿನಾ ಬೆಳಿಗ್ಗೆ ಬಾನೆಟ್ ಎತ್ತುವವನಾದೆ.

ಈಗ ಗೊತ್ತಾಯಿತಲ್ಲ, ಆ ಅಂಗಡಿಯ ಮಾತು ಬಂದರೆ ನಾನು ಏಕೆ ಅಂಜುತ್ತೇನೆಂದು. ಅದು ಸಾಲದೆಂಬಂತೆ ಅಂದೇ ಸಂಜೆ ಅಕ್ಕನ ಫೋನು ಬಂತು. ಹೆಂಡತಿ ಆಕೆಗೆ ಎಲ್ಲ ವರದಿ ಒಪ್ಪಿಸಿದ್ದಳು.

"ಹೋಸ್ ಪೈಪ್ ತರಾಕ ಯಾವಾಗ ಹೊಂಟಿ?"

"ಶನಿವಾರ ಸಾಲಿ ಬಿಟ್ಟ ಮ್ಯಾಲ."

"ನಾನೂ ಬರ್ತೇನಿ. ಈ ಸಲ ನಾ ನೋಡಿ ಆರಿಸ್ತೇನಿ. ಪೈಪ್ ಹಾಕಿಸಿದ ಮ್ಯಾಲ ಮಹಾಕೂಟಕ್ಕ ಹೋಗೋಣು. ಅದೊಂದು ಹಂಗ ಉಳದೈತಿ."

"ಬ್ಯಾಡ ಬಿಡಕ್ಕ. ಬಸ್ಸಿನ್ಯಾಗ ಭಾಳ ಗದ್ದಲ ಇರ್ತೈತಿ."

"ಬೆಳಗಾದ್ರ ಮಗ್ಗದ ಸಪ್ಪಳದಾಗ ಇರಾಕಿ ನಾ. ನನಗ ಗದ್ದಲದ ಅಂಜಿಕಿ ಹಾಕ್ತಿಯೇನು?"

ಶನಿವಾರದ ತನಕ ನಾನು ಪಟ್ಟ ಪಾಡು ಯಾರಿಗೂ ಬೇಡ. ಆ ಯಜಮಾನರಿಗೆ ನನ್ನ ನೆನಪಿರಬಾರದು ಎಂದು ಬೇಡಿಕೊಂಡೆ. ದಿನಕ್ಕೆ ನೂರು ಗಿರಾಕಿ ನೋಡುವವರಿಗೆ ನನ್ನ ಮುಖ ಏಕೆ ನೆನಪಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮೀಸೆ ತೆಗೆದರೆ ಹೇಗೆ ಎಂದೂ ಯೋಚಿಸಿದೆ. ಇದಕ್ಕೆಲ್ಲ ಬದಲು ಅಕ್ಕನಿಗೆ ನಾನೇ ಹೇಳಿಬಿಡುವುದು ಸಲೀಸಾಗಿತ್ತು. ಆದರೆ ಅಂಜುಬುರುಕನಿಗೆ ಸಲೀಸಾದದ್ದು ಯಾವತ್ತೂ ಹೊಳೆಯುವುದಿಲ್ಲ, ಹೊಳೆದರೂ ಬಾಯಿ ಬರುವುದಿಲ್ಲ.

ದಾವಲಸಾಬ ಎರಡೂ ಹಳೆಯ ಪೈಪು ಬಿಚ್ಚಿ, ಒರೆಸಿ, ಚೀಲದಲ್ಲಿ ಹಾಕಿ ಕೊಟ್ಟ. ಇಳಕಲ್ಲಿನಿಂದ ಬಂದ ಬಸ್ಸಿನಲ್ಲಿ ಅಕ್ಕ ಆಗಲೇ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಸೆರಗು ಹಾಸಿ ನನಗೆ ಜಾಗ ಹಿಡಿದಿದ್ದಳು. ಅಮೀನಗಡದಲ್ಲಿ ಕಿಟಕಿಯಿಂದ ಕರದಂಟು ಕೊಂಡು, "ತಿನ್ನು, ಮಾರಿ ಯಾಕ ಸಪ್ಪಗ ಮಾಡೀದಿ?" ಎಂದಳು. ಆ ಹೊತ್ತಿನಲ್ಲಿ ಹೇಳಬಹುದಿತ್ತು. ಬಾಯಿ ತುಂಬ ಕರದಂಟು ಇದೆ ಎಂದು ಸುಮ್ಮನಾದೆ.

ಅಂಗಡಿಯಲ್ಲಿ ಗಲ್ಲೆಯ ಮೇಲೆ ಮೂವತ್ತರ ಆಸುಪಾಸಿನ ಒಬ್ಬ ಕೂತಿದ್ದ, ಯಜಮಾನರ ಮಗ. ನನ್ನ ಜೀವ ಅರ್ಧ ಮರಳಿ ಬಂತು. "ಹಳೇದು ತಂದೀರೇನ್ರಿ?" ಎಂದ. ಕೊಟ್ಟೆ. ಒಳಗಿನಿಂದ ಎರಡು ಮೂರು ಜೊತೆ ಪೈಪು ತಂದು ಹರಡಿದ. ಅಕ್ಕ ಒಂದನ್ನು ಎತ್ತಿ ತುದಿಯನ್ನು ಬೆಳಕಿಗೆ ಹಿಡಿದಳು. ಅಷ್ಟರಲ್ಲಿ ಒಳಗೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಕನ್ನಡಕ ಸರಿಮಾಡಿಕೊಳ್ಳುತ್ತ ಎದ್ದು ಬಂದರು. ನನ್ನನ್ನು ನೋಡಿದರು. ನೋಡಿ ನಕ್ಕರು.

"ಲೇ, ಇವರಿಗೆ ನೂಲು ತೋರಿಸಬ್ಯಾಡ. ಇವರು ನೂಲು ನೋಡಿ ಹೋಸ್ ಒಯ್ಯೋ ಮಾಸ್ತರ್ರು" ಎಂದು ಮಗನಿಗೆ ಹೇಳಿದರು.

"ಹಂಗಂದ್ರ ಏನ್ರಿ?" ಎಂದು ಅಕ್ಕ ಕೇಳಿದಳು.

"ಹಿಂದಕ ಒಮ್ಮೆ ಬಂದಿದ್ರವ್ವಾ. ಇದಾ ಗಾಡಿ ಹೋಸ್ ಕೊಟ್ರ ನೂಲು ಕಡಿಮಿ ಐತಿ ಅಂದ್ರು. ಹೊಲದ ಪಂಪಿನ ಪೈಪು ಕತ್ತರಿಸಿ ಕೊಡು ಅಂದ್ರು. ಕುದಿಯೋ ನೀರು ತಡ್ಯಾಂಗಿಲ್ಲ ಅಂತ ಹೇಳಿದೆ, ಬ್ಯಾಡ ಅಂತ ಹೇಳಿದೆ. ನೇಕಾರ ಮಂದಿಗೆ ನೂಲಿನ ಮಾತು ಹೇಳಬ್ಯಾಡ್ರಿ ಅಂದ್ರು. ಎಷ್ಟ ದಿನ ಬಾಳಿತ್ರಿ ಸರ ಅದು?"

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಅದು ಎರಡು ತಿಂಗಳು ಹಿಂದಿತ್ತು.

"ಮಹಾಕೂಟದ ತನಕಾನೂ ಬಾಳಲಿಲ್ಲರಿ" ಎಂದಳು ಅಕ್ಕ.

ಪೈಪು ಹಿಡಿದಿದ್ದ ಆಕೆಯ ಬಲಗೈ ಗಲ್ಲೆಯ ಮೇಲಿತ್ತು. ಯಜಮಾನರು ಆ ಬೆರಳುಗಳನ್ನು ನೋಡಿದರು, ನನ್ನನ್ನು ನೋಡಿದರು. ನಗು ನಿಂತಿತು. ಮಗನನ್ನು ಸರಿಸಿ ತಾವೇ ಗಲ್ಲೆಗೆ ಬಂದು ನಿಂತರು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಯಾವುದನ್ನು ಹೇಗೆ ನೋಡಬೇಕು ಎಂದು ಅವರನ್ನೇ ಕೇಳಿದಳು. ಅವರೂ ಸಮಾಧಾನವಾಗಿ ಹೇಳಿದರು. ನೂಲು ಇರುವುದು ಪೈಪು ಉಬ್ಬದಂತೆ ಹಿಡಿದುಕೊಳ್ಳುವುದಕ್ಕೆ, ಬಿಸಿ ತಡೆಯುವುದು ರಬ್ಬರು. ಎರಡೂ ತುದಿಯಲ್ಲಿ ರಬ್ಬರಿನ ದಪ್ಪ ಸುತ್ತಲೂ ಒಂದೇ ಸಮ ಇರಬೇಕು. ಬಾಗು ಅಚ್ಚಿನಲ್ಲೇ ಬಂದಿರಬೇಕು, ನಾವು ಎಳೆದು ಬಗ್ಗಿಸಬಾರದು. ಒತ್ತಿ ಬಿಟ್ಟರೆ ಮೊದಲಿನಂತಾಗಬೇಕು. ಅಕ್ಕ ಒಂದೊಂದನ್ನೂ ಹಳೆಯದರ ಪಕ್ಕದಲ್ಲಿಟ್ಟು ಬಾಗಿಗೆ ಬಾಗು ಹೊಂದಿಸಿದಳು. ತುದಿಯಲ್ಲಿ ಸುತ್ತಲೂ ಉಗುರಾಡಿಸಿದಳು. ಬಿಗಿದ ಹೆಬ್ಬೆರಳಿಗೆ ತಿಳಿಯದ್ದನ್ನು ಎಡಗೈಯಿಂದ ನೋಡಿದಳು. ಮೇಲಿನ ಪೈಪುಗಳಲ್ಲಿ ಮೊದಲನೆಯದು ಒಂದು ಕಡೆ ತೆಳುವಿದೆ ಎಂದು ಬದಿಗಿಟ್ಟಳು. ಯಜಮಾನರು ಅದನ್ನು ಎತ್ತಿ ನೋಡಿ, "ಖರೆ ಐತ್ರಿ. ನನಗ ಕಂಡಿದ್ದಿಲ್ಲ" ಎಂದರು. ಕೊನೆಗೆ ಎರಡನ್ನು ಆರಿಸಿ, ಹೊಸ ಕ್ಲಿಪ್ಪುಗಳನ್ನೂ ಕೇಳಿ ತೆಗೆದುಕೊಂಡಳು. ನಾನು ಚೀಲ ಹಿಡಿದು ನಿಂತಿದ್ದೆ, ಅಷ್ಟೇ.

ಸ್ಟ್ಯಾಂಡಿನಲ್ಲಿ ಇಳಕಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಕ ಕೇಳಿದಳು.

"ಅವರು ಹೇಳಿದ್ದು ಖರೆ ಏನು?"

"ಖರೆ."

"ಬ್ಯಾಡ ಅಂದಿದ್ರು?"

"ಹೂಂ."

"ಎಂಟ ವರ್ಷ ನಾ ಏನ್ ತಿಳ್ಕೊಂಡಿದ್ದೆ ಗೊತ್ತೈತೇನು ನಿನಗ?" ಅಕ್ಕನ ದನಿ ಏರಲಿಲ್ಲ. "ಕೊಂಡಿ ಅರ್ಧಕ್ಕ ಬಿಟ್ಟು ಊರು ದಾಟಿದೆ, ಅದಕ್ಕ ದೇವರು ನೋಡಿ ಕೈಗೇ ಕೊಟ್ಟ ಅಂತ ತಿಳ್ಕೊಂಡಿದ್ದೆ. ಅವತ್ತಿಂದ ಇವತ್ತಿನ ತನಕ ಒಂದ ಸಲಾನೂ ಅರ್ಧಕ್ಕ ಬಿಟ್ಟು ಇಳಕಲ್ ದಾಟಿಲ್ಲ ನಾ."

ಬಾದಾಮಿಯ ದವಾಖಾನೆಯಲ್ಲಿ ತಪ್ಪು ನಂದು ಎಂದದ್ದರ ಅರ್ಥ ನನಗೆ ಆಗ ತಿಳಿಯಿತು. ಅಕ್ಕನ ಮಾತು ಇನ್ನೂ ಮುಗಿದಿರಲಿಲ್ಲ.

"ಅವ್ವ ಹೋದ ದಿವಸ ನೀ ಫೋನ್ ಮಾಡಿದಾಗ ಕೊಂಡಿ ಅರ್ಧಾ ಆಗಿತ್ತು. ನನಗ ಏಳಾಕ ಧೈರ್ಯ ಆಗ್ಲಿಲ್ಲ. ಈಗೂ ಅರ್ಧಕ್ಕ ಬಿಟ್ಟು ಹೋದ್ರ ಅವ್ವಗ ಏನರ ಆದೀತು ಅಂತ ಅಂಜಿಕಿ ಬಂತು. ಮುಗಿಸಿ ಎದ್ದೆ."

ಅವ್ವ ಎರಡು ವರ್ಷದ ಹಿಂದೆ ಹುನಗುಂದದ ನನ್ನ ಮನೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಉಸಿರು ಹೆಚ್ಚು ಕಡಿಮೆಯಾದಾಗ ಅಕ್ಕನಿಗೆ ಫೋನ್ ಮಾಡಿದ್ದೆ. ಅವ್ವನಿಗೆ ಆಗ ಇನ್ನೂ ಎಚ್ಚರವಿತ್ತು. ಅಕ್ಕನ ಹೆಸರು ಹಿಡಿದು, ಬಂದಳೇನು ಎಂದು ಎರಡು ಸಲ ಕೇಳಿದಳು.

ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಆಕೆಗೆ, ನೆರೆದ ಮಂದಿಯ ಎದುರಿಗೇ, "ಇಳಕಲ್‌ದಿಂದ ಹುನಗುಂದಕ್ಕ ಬರಾಕ ಎರಡ ತಾಸ ಬೇಕಾತೇನು ನಿನಗ?" ಎಂದು ಕೇಳಿದ್ದೆ. ಆಕೆ ಏನೂ ಹೇಳಿರಲಿಲ್ಲ. ಎರಡು ವರ್ಷವೂ ನಾನು ಅದನ್ನು ಒಂದು ಸಿಟ್ಟಿನಂತೆ ಒಳಗೆ ಇಟ್ಟುಕೊಂಡಿದ್ದೆ. ಅವ್ವ ಕರೆದಾಗ ಮಗ್ಗ ದೊಡ್ಡದಾಯಿತು ಈಕೆಗೆ ಎಂದುಕೊಂಡಿದ್ದೆ.

"ತಪ್ಪಾತಕ್ಕ" ಎಂದೆ.

"ಕೈ ಸುಟ್ಟಿದ್ದಕ್ಕ ನಾ ಏನೂ ಅನ್ನಾಂಗಿಲ್ಲ. ಅದು ಆಗಿದ್ದಾತು, ಯಾರಿಗೂ ಆಗ್ತೈತಿ. ನೀ ಬಾಯಿ ಬಿಡ್ಲಿಲ್ಲ ನೋಡು" ಎಂದಳು ಅಕ್ಕ.

ಬಸ್ಸು ಬಂತು. ಆಕೆ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ಬೇರೊಬ್ಬಾಕೆಯನ್ನು ಕರೆದು ಕೂರಿಸಿಕೊಂಡಳು. ನಾನು ಹಿಂದೆ ಹೋದೆ. ತೊಡೆಯ ಮೇಲೆ ಹೊಸ ರಬ್ಬರಿನ ವಾಸನೆಯ ಚೀಲ. ಮುಂದೆ ಅಕ್ಕನ ತಲೆಗೂದಲು, ಸೆರಗಿನ ಅಂಚು ಕಾಣುತ್ತಿದ್ದವು. ಅಮೀನಗಡದಲ್ಲಿ ಮಾರುವವರು ಕಿಟಕಿಗೆ ಬಂದರು, ಆಕೆ ಕೈ ಆಡಿಸಿ ಬೇಡವೆಂದಳು. ಹುನಗುಂದದಲ್ಲಿ ಇಳಿದು ಕಿಟಕಿಯ ಹತ್ತಿರ ಹೋಗಿ, "ಬರ್ತೇನಕ್ಕ" ಎಂದೆ. ತಲೆಯಾಡಿಸಿದಳು, ಅಷ್ಟೇ. ಬಸ್ಸು ಇಳಕಲ್ಲಿನ ಕಡೆ ಹೋಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ, "ನೀವು ದಿನಾ ಮುಟ್ಟಿ ನೋಡಬೇಕಾಗಿದ್ದು ಬಾನೆಟ್ಟಿನ ಕೆಳಗ ಇದ್ದಿದ್ದಿಲ್ಲ ಬಿಡ್ರಿ" ಎಂದಳು. ಮರುದಿನ ದಾವಲಸಾಬ ಎರಡೂ ಪೈಪು ಹಾಕಿದ. "ಯಾರ್ರಿ ಸರ ಆರಿಸಿದ್ದು? ನೀವಂತೂ ಅಲ್ಲ" ಎಂದ. ನಾಲ್ಕು ದಿನ ಕಾರನ್ನು ಅಮೀನಗಡದ ತನಕ ಓಡಿಸಿ ತಂದೆ. ಟೆಂಪರೇಚರಿನ ಮುಳ್ಳು ಅರ್ಧದ ಕೆಳಗೇ ಕೂತಿತ್ತು, ಅಲುಗಲಿಲ್ಲ. ಒಂದು ಹನಿ ಸೋರಲಿಲ್ಲ. ಸೋರಿದ್ದರೆ ಅದೊಂದು ನೆಪ ಮಾಡಿಕೊಂಡು ಅಕ್ಕನಿಗೆ ಫೋನ್ ಮಾಡಬಹುದಿತ್ತು. ಹದಿನೈದು ದಿನ ನಾನೂ ಮಾಡಲಿಲ್ಲ, ಆಕೆಯೂ ಮಾಡಲಿಲ್ಲ. ಫೋನು ಕೈಗೆತ್ತಿಕೊಂಡು ಎಷ್ಟೋ ಸಲ ಕೆಳಗಿಟ್ಟೆ. ಬಾನೆಟ್ ಎತ್ತುವುದನ್ನು ಮಾತ್ರ ಬಿಟ್ಟಿದ್ದೇನೆ. ಎತ್ತಿ ನೋಡಿದರೆ ಅಕ್ಕ ಆರಿಸಿದ್ದನ್ನು ಅನುಮಾನಿಸಿದಂತೆ ಆಗುತ್ತದೆ.

ಇಂದು ಭಾನುವಾರ. ಸಂಜೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಫೋನು ಬಂತು. ಆ ಕಡೆ ಭಾವನ ಮಗ್ಗದ ಸಪ್ಪಳ ಕೇಳುತ್ತಿತ್ತು.

"ನಾಳಿ ಸ್ವಾಮಾರ. ಏಳಕ್ಕ ಬಾ" ಎಂದಳು ಅಕ್ಕ.

"ಅಕ್ಕ, ಮಹಾಕೂಟಕ್ಕೇನು? ಗಾಡೀನ ಇನ್ನೊಂದ ಸಲ ದಾವಲಸಾಬಗ ತೋರಿಸಿ..."

"ಪೈಪ್ ಆರಿಸಿದಾಕಿ ನಾ. ಅದರ ಚಿಂತಿ ನಿನಗ ಬ್ಯಾಡ."

ಆಕೆ ಫೋನು ಇಡಲಿಲ್ಲ. ಮಗ್ಗದ ಸಪ್ಪಳ ಒಮ್ಮೆ ನಿಂತಿತು.

"ಇಲ್ಲಿ ಕೊಂಡಿ ಅರ್ಧಾ ಆಗೇತಿ" ಎಂದಳು. "ಇರ್ಲಿ. ಹಂಗ ಬಿಟ್ಟು ಬರ್ತೇನಿ."